ಹಿಂದಿನ ಚಕ್ರದ ಡ್ರಮ್ಮು ಬಿಚ್ಚಿ ನೋಡಿದ್ದುಂಟೇ?

ದೂರದ ಪ್ರಯಾಣಕ್ಕೆ ಹೊರಡುವ ಮುನ್ನ ನಮ್ಮ ಕಡೆಯ ಕಾರಿನ ಯಜಮಾನರು ಟಯರಿನ ಗಾಳಿ ನೋಡುತ್ತಾರೆ, ಎಂಜಿನ್ ಎಣ್ಣೆಯ ಕಡ್ಡಿ ಎಳೆದು ನೋಡುತ್ತಾರೆ, ರೇಡಿಯೇಟರಿನ ನೀರು ನೋಡುತ್ತಾರೆ, ಎದುರಿನ ಗಾಜಿನ ಮೇಲೆ ಗಣಪತಿಯ ಚಿತ್ರ ಸರಿಯಾಗಿ ಅಂಟಿದೆಯೋ ಎಂದೂ ನೋಡುತ್ತಾರೆ. ಹಿಂದಿನ ಎರಡು ಚಕ್ರಗಳ ಬ್ರೇಕನ್ನು ನೋಡುವವರು ಮಾತ್ರ ಬಹಳ ಕಡಿಮೆ. ಅದಕ್ಕೆ ಕಾರಣವೂ ಇದೆ. ಮುಂದಿನ ಚಕ್ರದ ಡಿಸ್ಕ್ ಬ್ರೇಕು ರಿಮ್ಮಿನ ಸಂದಿಯಿಂದಲೇ ಕಾಣುತ್ತದೆ. ಹಿಂದಿನದಾದರೋ ಮುಚ್ಚಿದ ಪಾತ್ರೆಯೊಳಗಿನ ಪಲ್ಯದಂತೆ. ಮುಚ್ಚಳ ತೆಗೆಯದೆ ಹಳಸಿದೆಯೋ ಇಲ್ಲವೋ ತಿಳಿಯುವಂತಿಲ್ಲ.

ಹಿಂದುಸ್ತಾನ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ರಸ್ತೆಯನ್ನು ಆಳುತ್ತಿದ್ದ ಕಾಲದಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕೇ ಇರುತ್ತಿತ್ತು. ಆಗ ಅದನ್ನು ಬಿಚ್ಚುವುದು, ಬಿಗಿ ಮಾಡುವುದು ಚಾಲಕನ ದಿನಚರಿಯ ಭಾಗವಾಗಿತ್ತು. ಪದ್ಮಿನಿ ನಿಂತು ಕಾಲು ಶತಮಾನವಾಗುತ್ತ ಬಂತು, ಅಂಬಾಸಿಡರ್ 2014ರಲ್ಲಿ ನಿಂತಿತು. ಆದರೆ ಡ್ರಮ್ ಬ್ರೇಕು ನಿಲ್ಲಲಿಲ್ಲ. ಇಂದಿಗೂ ನಮ್ಮ ದೇಶದಲ್ಲಿ ಮಾರಾಟವಾಗುವ ಸಣ್ಣ ಕಾರುಗಳ ಪೈಕಿ ಬಹುಪಾಲಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ನಿಂತದ್ದು ಅದನ್ನು ಬಿಚ್ಚಿ ನೋಡುವ ಅಭ್ಯಾಸ ಮಾತ್ರ.

ಕೊಲ್ಲಾಪುರದ ದಾರಿ

ಕಾಸರಗೋಡಿನಿಂದ ಕೊಲ್ಲಾಪುರದ ಮಹಾಲಕ್ಷ್ಮಿಯ ದರ್ಶನಕ್ಕೆ ಕಾರಿನಲ್ಲೇ ಹೋಗಿ ಬರುವ ಕುಟುಂಬಗಳಿವೆ. ಅಲ್ಲಿಂದ ಮುಂದೆ ಪಂಢರಾಪುರಕ್ಕೂ ಹೋಗುವವರಿದ್ದಾರೆ. ಮಂಗಳೂರು, ಉಡುಪಿ, ಕುಮಟಾ ದಾಟಿ ಅಂಕೋಲೆಯಲ್ಲಿ ಬಲಕ್ಕೆ ತಿರುಗಿದರೆ ಅರಬೈಲು ಘಟ್ಟ. ಯಲ್ಲಾಪುರ, ಹುಬ್ಬಳ್ಳಿ, ಬೆಳಗಾವಿ, ಸಂಕೇಶ್ವರ ಕಳೆದ ಮೇಲೆ ನಿಪ್ಪಾಣಿಗೆ ಮುನ್ನ ತವಂದಿ ಘಟ್ಟ. ಸ್ತವನಿಧಿಯ ಜೈನ ಕ್ಷೇತ್ರ ಇರುವುದು ಇದರ ಬಳಿಯಲ್ಲೇ. ನಿಪ್ಪಾಣಿಯಿಂದ ಮುಂದೆ ಕೊಗನೊಳ್ಳಿ, ಆಮೇಲೆ ದೂಧಗಂಗಾ ನದಿ. ನದಿ ದಾಟಿದರೆ ಕಾಗಲ. ಅದು ಮಹಾರಾಷ್ಟ್ರದ ಮೊದಲ ಊರು. ಒಟ್ಟು ಆರುನೂರು ಕಿಲೋಮೀಟರಿನ ಆಸುಪಾಸಿನ ಹಾದಿ. ಸಮುದ್ರದ ಉಪ್ಪು ಗಾಳಿ, ಎರಡು ಘಟ್ಟ, ಬಯಲುಸೀಮೆಯ ಧೂಳು ಎಲ್ಲವೂ ಇದರಲ್ಲಿವೆ. ಹಿಂದಿನ ಬ್ರೇಕಿನ ಯೋಗ್ಯತೆಯನ್ನು ಒರೆಗೆ ಹಚ್ಚಲು ಇದಕ್ಕಿಂತ ಬೇರೆ ದಾರಿ ಬೇಕಾಗಿಲ್ಲ.

ಕಾಗಲದ ಹೆಸರನ್ನು ಇಲ್ಲಿ ಎತ್ತಿದ್ದಕ್ಕೆ ಎರಡು ಕಾರಣಗಳಿವೆ. ಒಂದನೆಯದು, ಅದೂ ನಮ್ಮಂತೆಯೇ ಗಡಿಯ ಊರು. 1956ರ ನವೆಂಬರ 1ರಂದು ಎಳೆದ ಗೆರೆ ಕಾಸರಗೋಡನ್ನು ಕೇರಳಕ್ಕೆ ಸೇರಿಸಿತು; ಅದೇ ದಿನದ ಗೆರೆಯಿಂದ ನಿಪ್ಪಾಣಿ ಆಗಿನ ಮೈಸೂರು ರಾಜ್ಯಕ್ಕೆ ಬಂತು, ಕಾಗಲ ಮುಂಬಯಿ ರಾಜ್ಯದಲ್ಲಿ ಉಳಿದು 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ಇಪ್ಪತ್ತು ಕಿಲೋಮೀಟರಿನ ಒಳಗೆ ಬೋರ್ಡಿನ ಅಕ್ಷರ ಬದಲಾಗುತ್ತದೆ. ಮನೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ ಓದಿ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಗುರುತಿಲ್ಲದ ಊರಲ್ಲಿ, ಪೂರ್ತಿ ತಿಳಿಯದ ಭಾಷೆಯ ವರ್ಕ್‌ಶಾಪಿನ ಮುಂದೆ ಹೆಂಡತಿ ಮಕ್ಕಳೊಂದಿಗೆ ಕಾರು ನಿಲ್ಲಿಸಬೇಕಾಗಿ ಬಂದಾಗ ಮನಸ್ಸಿಗೆ ಆಗುವ ಅಧೈರ್ಯ ಬೇರೆ. ಏನು ಕೆಟ್ಟಿದೆ, ಏನು ಬದಲಿಸಿದರು, ಕೊಟ್ಟ ಹಣ ಯಾವುದಕ್ಕೆ ಎಂಬುದೇ ತಿಳಿಯುವುದಿಲ್ಲ.

ಒಂದು ಸಮಾಧಾನವೆಂದರೆ ವರ್ಕ್‌ಶಾಪಿನ ಭಾಷೆ ಎಲ್ಲ ಕಡೆಯೂ ಒಂದೇ. ಡ್ರಮ್, ಶೂ, ಲೈನಿಂಗ್, ಸಿಲಿಂಡರ್, ಸ್ಪ್ರಿಂಗ್ ಎಂಬ ಮಾತುಗಳು ಉಪ್ಪಳದಲ್ಲೂ ನೀಲೇಶ್ವರದಲ್ಲೂ ಕಾಗಲದಲ್ಲೂ ಅವೇ. ಆ ವಸ್ತುಗಳು ಹೇಗಿರಬೇಕು ಎಂದು ಕಣ್ಣಿಗೆ ಗೊತ್ತಿದ್ದರೆ ಮಿಕ್ಕ ಮಾತು ಅಷ್ಟಾಗಿ ಬೇಕಾಗುವುದಿಲ್ಲ. ಎಲ್ಲರೂ ತಾವೇ ಸ್ಪ್ಯಾನರು ಹಿಡಿಯಬೇಕೆಂದು ಈ ಲೇಖನದ ಒತ್ತಾಯವಲ್ಲ. ಕೈಯಾಗುವವರು ಮಾಡಲಿ, ಆಗದವರು ಪಕ್ಕದಲ್ಲಿ ನಿಂತು ಏನನ್ನು ನೋಡಬೇಕೆಂದು ತಿಳಿದು ನೋಡಲಿ.

ಡ್ರಮ್ಮು ಹುಟ್ಟುವ ಸೀಮೆ

ಎರಡನೆಯ ಕಾರಣ, ಕಾಗಲದ ಸುತ್ತಮುತ್ತಲಿನದು ಎರಕದ ಸೀಮೆ. ಕಾಗಲವೆಂದರೆ ಶಾಹು ಮಹಾರಾಜರು 1874ರಲ್ಲಿ ಹುಟ್ಟಿದ ಘಾಟಗೆ ಮನೆತನದ ಊರು ಎಂದು ಚರಿತ್ರೆ ಓದಿದವರು ಬಲ್ಲರು. ವಾಹನದವರಿಗೆ ಅದು ಕಬ್ಬಿಣದ ನೆರೆಹೊರೆ. ಕೊಲ್ಲಾಪುರದ ಶಿವಾಜಿ ಉದ್ಯಮನಗರದಲ್ಲಿ ಸಣ್ಣ ಸಣ್ಣ ಲೇತುಗಳೊಂದಿಗೆ, ನೀರೆತ್ತುವ ಎಣ್ಣೆ ಎಂಜಿನುಗಳ ಭಾಗ ಮಾಡುವುದರೊಂದಿಗೆ ಬೆಳೆದ ಕಸುಬು ಶಿರೋಲಿ, ಗೋಕುಳ ಶಿರಗಾಂವ ಕೈಗಾರಿಕಾ ವಸಾಹತುಗಳಿಗೆ ಹಬ್ಬಿ, ಕಾಗಲ–ಹಾತಕಣಂಗಲೆ ವಸಾಹತಿನವರೆಗೂ ಬಂದಿದೆ. ದೇಶದ ವಾಹನ ಕಾರ್ಖಾನೆಗಳಿಗೆ ಎರಕದ ಭಾಗಗಳು ಇಲ್ಲಿಂದ ಹೋಗುತ್ತವೆ. ಬ್ರೇಕ್ ಡ್ರಮ್ಮೂ ಅಂಥದ್ದೊಂದು ಎರಕ.

ಡ್ರಮ್ಮು ತಯಾರಾಗುವ ಬಗೆಯನ್ನು ತಿಳಿದಿದ್ದರೆ ಅದನ್ನು ಹೇಗೆ ನಡೆಸಿಕೊಳ್ಳಬೇಕೆಂಬುದೂ ತಿಳಿಯುತ್ತದೆ. ಮರಳನ್ನು ಜೇಡಿ ಮತ್ತು ಅಂಟಿನೊಂದಿಗೆ ಹದಮಾಡಿ, ಡ್ರಮ್ಮಿನ ಮಾದರಿಯನ್ನು ಅದರಲ್ಲಿ ಒತ್ತಿ, ಉಳಿದ ಪೊಳ್ಳಿಗೆ ಸುಮಾರು 1400 ಡಿಗ್ರಿ ಸೆಂಟಿಗ್ರೇಡಿನ ಕಾದ ಕಬ್ಬಿಣದ ದ್ರವವನ್ನು ಹೊಯ್ಯುತ್ತಾರೆ. ಇದು ಬೂದು ಎರಕದ ಕಬ್ಬಿಣ. ಇದರೊಳಗೆ ಇಂಗಾಲವು ಸಣ್ಣ ಸಣ್ಣ ಗ್ರಾಫೈಟ್ ಚಕ್ಕೆಗಳಾಗಿ ಹರಡಿ ನಿಲ್ಲುತ್ತದೆ. ಆ ಚಕ್ಕೆಗಳಿಂದಲೇ ಕಬ್ಬಿಣ ಕಾವನ್ನು ಬೇಗ ಹರಡುತ್ತದೆ, ನಡುಕವನ್ನು ನುಂಗುತ್ತದೆ, ಉಜ್ಜಾಟಕ್ಕೆ ಬಾಳುತ್ತದೆ. ಅದೇ ಚಕ್ಕೆಗಳಿಂದಾಗಿ ಅದು ಉಕ್ಕಿನಂತೆ ಬಾಗುವುದಿಲ್ಲ. ಪೆಟ್ಟು ಜೋರಾದರೆ, ಅಥವಾ ಕಾದಾಗ ಫಕ್ಕನೆ ತಣ್ಣೀರು ಬಿದ್ದರೆ, ಬಿರುಕು ಬಿಡುತ್ತದೆ. ಡ್ರಮ್ಮಿಗೆ ಸುತ್ತಿಗೆಯಿಂದ ಬಲವಾಗಿ ಹೊಡೆಯಬಾರದು, ಘಟ್ಟ ಇಳಿದ ಕೂಡಲೇ ಚಕ್ರಕ್ಕೆ ನೀರು ಸುರಿಯಬಾರದು ಎಂದು ಹಿರಿಯ ಚಾಲಕರು ಹೇಳುತ್ತಿದ್ದುದರ ಅರ್ಥ ಇದೇ.

ತಣಿದ ಎರಕವನ್ನು ಲೇತಿಗೆ ಏರಿಸಿ ಒಳಮೈಯನ್ನು ಕರಾರುವಾಕ್ಕಾಗಿ ಕಡೆಯುತ್ತಾರೆ. ಎಷ್ಟರ ತನಕ ಸವೆಯಬಹುದು ಎಂಬುದನ್ನು ಡ್ರಮ್ಮಿನ ಮೇಲೆಯೇ ಅಚ್ಚು ಒತ್ತಿರುತ್ತಾರೆ. ಉದಾಹರಣೆಗೆ 180 ಮಿಲಿಮೀಟರ್ ಒಳ ಅಗಲದ ಡ್ರಮ್ಮಿಗೆ 182 ಎಂದು ಮಿತಿ ಇರುತ್ತದೆ. ತುಕ್ಕು ಒರೆಸಿದರೆ ಈ ಅಂಕೆ ಕಾಣುತ್ತದೆ. ಮಿತಿ ಮೀರಿದ ಡ್ರಮ್ಮನ್ನು ಪುನಃ ಕಡೆದು ಹಾಕಬಾರದು, ಗುಜರಿಗೆ ಕೊಡಬೇಕು. ಎರಕದ ಒಲೆಗೆ ಹಳೆ ಕಬ್ಬಿಣ ಹೇಗೂ ಬೇಕು.

ಒಳಗೆ ನಡೆಯುವುದೇನು?

ಡ್ರಮ್ಮು ಚಕ್ರದೊಂದಿಗೆ ತಿರುಗುತ್ತದೆ. ಅದರೊಳಗೆ ಅರ್ಧಚಂದ್ರಾಕೃತಿಯ ಎರಡು ಉಕ್ಕಿನ ಶೂಗಳು ತಿರುಗದೆ ನಿಂತಿರುತ್ತವೆ. ಇವುಗಳ ಬೆನ್ನಿಗೆ ಅಂಟಿಸಿದ, ಇಲ್ಲವೇ ರಿವೆಟ್ ಹೊಡೆದ ಲೈನಿಂಗ್ ಇರುತ್ತದೆ. ಪೆಡಲು ತುಳಿದಾಗ ಬ್ರೇಕ್ ಎಣ್ಣೆಯ ಒತ್ತಡ ಕೊಳವೆಯಲ್ಲಿ ಬಂದು ಮೇಲ್ಗಡೆಯ ಸಣ್ಣ ಸಿಲಿಂಡರಿನ ಎರಡು ಪಿಸ್ಟನ್‌ಗಳನ್ನು ಹೊರಕ್ಕೆ ತಳ್ಳುತ್ತದೆ. ಶೂಗಳು ಅಗಲಿ ಡ್ರಮ್ಮಿನ ಒಳಮೈಗೆ ಒತ್ತುತ್ತವೆ. ಕಾಲು ತೆಗೆದರೆ ಸ್ಪ್ರಿಂಗುಗಳು ಅವುಗಳನ್ನು ಹಿಂದಕ್ಕೆ ಎಳೆಯುತ್ತವೆ. ಹ್ಯಾಂಡ್ ಬ್ರೇಕಿನ ತಂತಿಯೂ ಇದೇ ಶೂಗಳನ್ನು ಒಂದು ಸನ್ನೆಯ ಮೂಲಕ ಅಗಲಿಸುತ್ತದೆ. ಫ್ರಾನ್ಸಿನ ಲೂಯಿ ರೆನೋ ಎಂಬವರು 1902ರಲ್ಲಿ ರೂಪಿಸಿದ ಏರ್ಪಾಡಿನ ತಿರುಳು ಇದು. ಎಣ್ಣೆಯ ಒತ್ತಡ ಸೇರಿಕೊಂಡದ್ದು ಆಮೇಲೆ, 1920ರ ದಶಕದಲ್ಲಿ.

ಇದರಲ್ಲೊಂದು ಸೂಕ್ಷ್ಮವಿದೆ. ಎರಡು ಶೂಗಳ ಪೈಕಿ ಸಾಮಾನ್ಯವಾಗಿ ಮುಂಭಾಗದ್ದನ್ನು ತಿರುಗುವ ಡ್ರಮ್ಮು ತಾನೇ ಒಳಕ್ಕೆ ಎಳೆದುಕೊಂಡು ಇನ್ನಷ್ಟು ಬಿಗಿಯಾಗಿ ಕಚ್ಚುವಂತೆ ಮಾಡುತ್ತದೆ. ಹಿಂಭಾಗದ್ದನ್ನು ದೂರಕ್ಕೆ ತಳ್ಳುತ್ತದೆ. ಹಾಗಾಗಿ ಮುಂದಿನ ಶೂ ಬೇಗ ಸವೆಯುವುದು ಸಹಜ. ಒಂದು ತೆಳು, ಒಂದು ದಪ್ಪ ಕಂಡರೆ ಗಾಬರಿಯಾಗಬೇಕಾಗಿಲ್ಲ. ಆದರೆ ಎಡ ಚಕ್ರಕ್ಕೂ ಬಲ ಚಕ್ರಕ್ಕೂ ಬಹಳ ವ್ಯತ್ಯಾಸವಿದ್ದರೆ ಒಂದು ಬದಿ ಕೆಲಸ ಮಾಡುತ್ತಿಲ್ಲವೆಂದೇ ಅರ್ಥ.

ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದು. ಈ ಕಾರಣದಿಂದ ಹಿಂದಿನದು ಹಾಳಾದರೂ ಊರೊಳಗಿನ ಓಡಾಟದಲ್ಲಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಘಟ್ಟದಲ್ಲಿ, ಐದು ಜನ ಕುಳಿತು ಡಿಕ್ಕಿಯ ತುಂಬ ಸಾಮಾನು ಇದ್ದಾಗ.

ಲಕ್ಷಣಗಳು

ಹ್ಯಾಂಡ್ ಬ್ರೇಕಿನ ಹಿಡಿ ಮೊದಲಿಗಿಂತ ಮೇಲಕ್ಕೆ ಬರುತ್ತಿದ್ದರೆ ಶೂ ಸವೆದಿದೆ, ಇಲ್ಲವೇ ತಾನಾಗಿ ಹೊಂದಿಸಿಕೊಳ್ಳುವ ಅಡ್ಜಸ್ಟರು ಸಿಕ್ಕಿಬಿದ್ದಿದೆ. ಪೆಡಲು ಮೊದಲ ತುಳಿತಕ್ಕೆ ಕೆಳಗಿಳಿದು ಎರಡನೆಯದಕ್ಕೆ ಸರಿಯಾಗುತ್ತಿದ್ದರೂ ಹೆಚ್ಚಾಗಿ ಇದೇ ದೋಷ. ಹಿಂದಿನ ಟಯರಿನ ಒಳಬದಿಯಲ್ಲಿ ಒದ್ದೆ ಗೆರೆ ಕಂಡರೆ ವೀಲ್ ಸಿಲಿಂಡರ್ ಸೋರುತ್ತಿದೆ. ಇದಕ್ಕೆ ನಾಳೆ ಎನ್ನಬಾರದು. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ಬಂದು ಎರಡೂ ಹಿಂದಿನ ಚಕ್ರಗಳ ಬಳಿ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಬದಿ ಮಾತ್ರ ಕಾದ ಕಾವಲಿಯಂತಿದ್ದರೆ ಆ ಶೂ ಹಿಂದಕ್ಕೆ ಸರಿಯುತ್ತಿಲ್ಲ.

ನಮ್ಮ ಜಿಲ್ಲೆಗೇ ವಿಶೇಷವಾದ ಇನ್ನೊಂದು ತೊಂದರೆಯಿದೆ. ಆಟಿ ತಿಂಗಳ ಮಳೆಯಲ್ಲಿ ಕಾರನ್ನು ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಒದ್ದೆ ಲೈನಿಂಗ್ ಡ್ರಮ್ಮಿನ ತುಕ್ಕಿಗೆ ಅಂಟಿ ಕೂರುತ್ತದೆ. ಆಮೇಲೆ ಹೊರಡಿಸಿದಾಗ ಚಕ್ರ ತಿರುಗುವುದಿಲ್ಲ, ಇಲ್ಲವೇ ದೊಡ್ಡ ಶಬ್ದದೊಂದಿಗೆ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಳ್ಳುವಾಗ ಲೈನಿಂಗಿನ ತುಂಡು ಕಿತ್ತು ಬಂದದ್ದೂ ಉಂಟು. ಗಲ್ಫಿನಲ್ಲಿರುವವರು ರಜೆ ಮುಗಿಸಿ ಹೋಗುವಾಗ ಕಾರನ್ನು ಸಮತಟ್ಟು ನೆಲದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕನ್ನು ಸಡಿಲ ಬಿಟ್ಟು ಹೋಗುವುದೇ ಉತ್ತಮ.

ಬಿಚ್ಚುವ ಕ್ರಮ

ಈ ಕೆಲಸಕ್ಕೆ ಬೇಕಾದದ್ದು ಗಟ್ಟಿಯಾದ ಸಮತಟ್ಟು ಜಾಗ. ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಅಥವಾ ಮರದ ತುಂಡು ಕೊಟ್ಟು, ಗೇರಿನಲ್ಲಿಟ್ಟು, ಹ್ಯಾಂಡ್ ಬ್ರೇಕು ಬಿಟ್ಟುಬಿಡಬೇಕು. ಅದು ಎಳೆದಿದ್ದರೆ ಡ್ರಮ್ಮು ಬರುವುದೇ ಇಲ್ಲ. ಚಕ್ರದ ನಟ್ಟುಗಳನ್ನು ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ ಅನಂತರ ಜಾಕ್ ಏರಿಸಬೇಕು. ಜಾಕಿನ ಮೇಲೆ ನಂಬಿಕೆ ಇಡದೆ ಗಟ್ಟಿ ಸ್ಟ್ಯಾಂಡನ್ನು ಅಡಿಗೆ ಕೊಡಬೇಕು. ಕೆಂಪುಕಲ್ಲು ಪೇರಿಸುವ ಪದ್ಧತಿ ನಮ್ಮಲ್ಲಿದೆ. ಅದು ಮನೆಯ ಗೋಡೆಗೆ ಒಳ್ಳೆಯದು. ಕಾರಿನ ಅಡಿಗೆ ಬೇಡ. ಭಾರ ಒಂದೇ ಬಿಂದುವಿನಲ್ಲಿ ಬಿದ್ದರೆ ಅದು ಒಡೆಯುತ್ತದೆ.

ಡ್ರಮ್ಮಿನಲ್ಲಿ ಎರಡು ಬಗೆ. ಮೊದಲನೆಯದು ಚಕ್ರದ ನಟ್ಟುಗಳಿಂದಲೇ ನಿಲ್ಲುವಂಥದ್ದು. ಕೆಲವಕ್ಕೆ ಒಂದೆರಡು ಸಣ್ಣ ಸ್ಕ್ರೂಗಳೂ ಇರುತ್ತವೆ. ಅವನ್ನು ತೆಗೆದರೆ ನೇರ ಎಳೆಯಬಹುದು. ಎರಡನೆಯದರಲ್ಲಿ ಬೇರಿಂಗು ಡ್ರಮ್ಮಿನೊಳಗೇ ಕೂತಿರುತ್ತದೆ. ನಡುವಿನ ಲೋಹದ ಟೊಪ್ಪಿ ತೆಗೆದು ಒಳಗಿನ ದೊಡ್ಡ ನಟ್ಟು ಬಿಚ್ಚಬೇಕು. ಈ ನಟ್ಟನ್ನು ಹಿಂದೆ ಕೂರಿಸುವಾಗ ಕಂಪೆನಿಯ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿಯಬೇಕು, ಜಾರದಂತೆ ಲಾಕ್ ಮಾಡಬೇಕು. ಟಾರ್ಕ್ ಸ್ಪ್ಯಾನರು ಇಲ್ಲದವರು ಎರಡನೆಯ ಬಗೆಯ ಡ್ರಮ್ಮಿಗೆ ಕೈ ಹಾಕದೆ ವರ್ಕ್‌ಶಾಪಿಗೆ ಬಿಡುವುದೇ ಸರಿ. ನಟ್ಟು ಬಿಟ್ಟರೆ ಚಕ್ರವೇ ಬಿಡುತ್ತದೆ.

ಕರಾವಳಿಯ ಕಾರುಗಳ ಡ್ರಮ್ಮು ಎಳೆದ ಕೂಡಲೇ ಬರುವುದು ಅಪರೂಪ. ಇಲ್ಲಿಯೇ ಹೆಚ್ಚಿನವರು ತಾಳ್ಮೆ ಕಳೆದುಕೊಳ್ಳುವುದು. ಅಂಟಿಕೊಳ್ಳಲು ಎರಡು ಕಾರಣಗಳಿರುತ್ತವೆ, ಎರಡಕ್ಕೂ ಮದ್ದು ಬೇರೆ. ಹಬ್ಬಿನ ನಡುವೆ ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಅಲ್ಲಿಗೆ ಮಾತ್ರ ನಾಲ್ಕು ಹನಿ ಬಿಟ್ಟು ಅರ್ಧ ಗಂಟೆ ಕಾಯಬೇಕು. ಅನೇಕ ಡ್ರಮ್ಮುಗಳ ಮುಖದಲ್ಲಿ ಮರೆ ಇರುವ ಎರಡು ಖಾಲಿ ತೂತುಗಳಿರುತ್ತವೆ. ಅವು ಇರುವುದೇ ಇದಕ್ಕಾಗಿ. ಹೊಂದುವ ಬೋಲ್ಟು, ಸಾಮಾನ್ಯವಾಗಿ 8 ಮಿಲಿಮೀಟರಿನದ್ದು, ಎರಡಕ್ಕೂ ಹಾಕಿ ಅರ್ಧರ್ಧ ಸುತ್ತು ಸಮನಾಗಿ ಬಿಗಿಯುತ್ತ ಹೋದರೆ ಡ್ರಮ್ಮು ತಾನಾಗಿ ಹೊರಬರುತ್ತದೆ. ಎರಡನೆಯ ಕಾರಣ, ಡ್ರಮ್ಮಿನ ಅಂಚಿನಲ್ಲಿ ಸವೆಯದೆ ಉಳಿದ ಏಣಿಗೆ ಶೂ ತಡೆಯುವುದು. ಇದಕ್ಕೆ ಎಣ್ಣೆಯೂ ಸುತ್ತಿಗೆಯೂ ಉಪಯೋಗವಿಲ್ಲ. ಹಿಂಬದಿ ತಗಡಿನಲ್ಲಿ ರಬ್ಬರು ಬಿರಡೆ ಇರುವ ಸಣ್ಣ ಕಿಂಡಿಯಿದ್ದರೆ ಅದರ ಮೂಲಕ ಸ್ಕ್ರೂಡ್ರೈವರು ತೂರಿಸಿ ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಿದರೆ ಶೂ ಒಳಸರಿಯುತ್ತದೆ.

ಡ್ರಮ್ಮು ಕೈಗೆ ಬಂದೊಡನೆ ಒಳಗಿನ ಕಪ್ಪು ಧೂಳನ್ನು ಬಾಯಿಂದ ಊದುವುದು, ಗಾಳಿಯ ಪೈಪು ಹಿಡಿಯುವುದು ವಾಡಿಕೆ. ಇದನ್ನು ಮಾತ್ರ ಯಾರೂ ಮಾಡಬಾರದು, ಮಾಡಲು ಬಿಡಲೂಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು. ಕಲ್ನಾರಿನ ನೂಲು ಶ್ವಾಸಕೋಶಕ್ಕೆ ಹೋದರೆ ವರ್ಷಗಳ ಮೇಲೆ ಕ್ಯಾನ್ಸರನ್ನು ಉಂಟುಮಾಡಬಲ್ಲದು. ಹೊಸದರಲ್ಲಿ ಇದೆಯೇ ಇಲ್ಲವೇ ಎಂದು ಕಣ್ಣಿಂದ ತಿಳಿಯುವಂತಿಲ್ಲ. ಖರೀದಿಸುವಾಗ ಪೊಟ್ಟಣದ ಮೇಲೆ ಕಲ್ನಾರು ಇಲ್ಲವೆಂದು ಬರೆದಿರುವುದನ್ನೇ ಕೇಳಿ ಪಡೆಯಬೇಕು. ಸಾಬೂನು ನೀರಿನಲ್ಲಿ ಅದ್ದಿದ ಬ್ರಶ್ಶಿನಿಂದ ಧೂಳನ್ನು ನೆನೆಸಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಎಸೆಯುವುದು ಒಳ್ಳೆಯದು. ಈ ಎಚ್ಚರಿಕೆ ಕಾರಿನವರಿಗಿಂತ ದಿನಕ್ಕೆ ಹತ್ತು ಡ್ರಮ್ಮು ಬಿಚ್ಚುವ ಹುಡುಗರಿಗೆ ಹೆಚ್ಚು ಅಗತ್ಯ. ಅವರಿಗೆ ಯಾರೂ ಹೇಳಿರುವುದಿಲ್ಲ.

ಏನನ್ನು ನೋಡಬೇಕು

ಡ್ರಮ್ಮು ತೆಗೆದಿರುವಾಗ ಬ್ರೇಕ್ ಪೆಡಲನ್ನು ಯಾರೂ ತುಳಿಯಕೂಡದು. ತುಳಿದರೆ ಪಿಸ್ಟನ್‌ಗಳು ಹಾರಿ ಹೊರಬರುತ್ತವೆ. ಮಕ್ಕಳು ಚಾಲಕನ ಜಾಗದಲ್ಲಿ ಕುಳಿತು ಆಡದಂತೆ ಬಾಗಿಲು ಮುಚ್ಚಿಡಿ.

ಒಂದು ಬದಿಯ ಕೆಲಸ ಪೂರ್ತಿ ಮುಗಿಯದೆ ಇನ್ನೊಂದು ಬದಿಯ ಶೂ ಬಿಚ್ಚಬಾರದು. ಯಾವ ಸ್ಪ್ರಿಂಗು ಯಾವ ತೂತಿಗೆ, ಅಡ್ಜಸ್ಟರಿನ ಯಾವ ತುದಿ ಯಾವ ಕಡೆಗೆ ಎಂದು ಸಂಶಯ ಬಂದರೆ ಬಿಚ್ಚದ ಬದಿಯೇ ನಕಾಶೆ. ಹಿಂದಿನವರು ಕಾಗದದಲ್ಲಿ ಚಿತ್ರ ಬರೆದುಕೊಳ್ಳುತ್ತಿದ್ದರು. ಈಗ ಎಲ್ಲರ ಕಿಸೆಯಲ್ಲೂ ಫೋನಿದೆ, ಒಂದು ಫೋಟೊ ಹಿಡಿದರಾಯಿತು. ಅಡ್ಜಸ್ಟರುಗಳು ಎಡಕ್ಕೂ ಬಲಕ್ಕೂ ಬೇರೆ ಬೇರೆ ಇರುವುದುಂಟು, ಅದಲು ಬದಲಾದರೆ ಅವು ಬಿಗಿಯಾಗುವ ಬದಲು ಸಡಿಲವಾಗುತ್ತ ಹೋಗುತ್ತವೆ.

ಲೈನಿಂಗಿನ ದಪ್ಪವನ್ನು ಅತ್ಯಂತ ತೆಳುವಾದ ಜಾಗದಲ್ಲಿ ಅಳೆಯಬೇಕು. ಅಂಟಿಸಿದ ಲೈನಿಂಗು ಒಂದು ಮಿಲಿಮೀಟರಿನ ಹತ್ತಿರಕ್ಕೆ ಬಂದಿದ್ದರೆ, ರಿವೆಟಿನ ತಲೆ ಮೇಲ್ಮೈಗೆ ಸಮೀಪಿಸಿದ್ದರೆ, ಅದರ ಆಯುಷ್ಯ ಮುಗಿಯಿತು. ನಿಮ್ಮ ಕಾರಿನ ಪುಸ್ತಕ ಬೇರೆ ಅಳತೆ ಹೇಳಿದ್ದರೆ ಅದೇ ಪ್ರಮಾಣ. ಎಣ್ಣೆ ಹೀರಿದ ಲೈನಿಂಗನ್ನು ಉಪ್ಪುಕಾಗದದಿಂದ ಉಜ್ಜಿ, ಪೆಟ್ರೋಲಿನಿಂದ ತೊಳೆದು ಹಿಂದೆ ಹಾಕಿಕೊಡುವವರಿದ್ದಾರೆ. ಎಣ್ಣೆ ಒಳಕ್ಕೆ ಇಳಿದಿರುತ್ತದೆ. ಬಿಸಿಯಾದೊಡನೆ ಪುನಃ ಮೇಲೆ ಬರುತ್ತದೆ. ಅದನ್ನು ಒಪ್ಪಬೇಡಿ. ಶೂ ಬದಲಿಸುವುದಾದರೆ ಎರಡೂ ಚಕ್ರಗಳದ್ದು, ನಾಲ್ಕೂ ಒಟ್ಟಿಗೆ. ಒಂದೇ ಬದಿಗೆ ಹೊಸದು ಹಾಕಿದರೆ ಬ್ರೇಕು ಹಾಕಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ, ಮಳೆಯ ರಸ್ತೆಯಲ್ಲಿ ಹಿಂಭಾಗ ಜಾರುತ್ತದೆ.

ಬಳಿಕ ವೀಲ್ ಸಿಲಿಂಡರ್. ಎರಡು ತುದಿಗಳ ರಬ್ಬರು ಟೊಪ್ಪಿಯ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿ. ತುಸು ತೇವ ಪರವಾಗಿಲ್ಲ. ಎಣ್ಣೆ ಹನಿಯಾಗಿ ಇಳಿದರೆ ಬದಲಿಸಲೇಬೇಕು. ಒಳಗಿನ ರಬ್ಬರು ವಾಶರು ಮಾತ್ರ ಹೊಸದು ಹಾಕುವ ಪದ್ಧತಿ ಹಿಂದೆ ಎಲ್ಲ ಕಡೆ ಇತ್ತು. ಸಿಲಿಂಡರಿನ ಒಳಮೈ ಕನ್ನಡಿಯಂತಿದ್ದರೆ ಅದು ಸಾಕು, ತುಕ್ಕಿನ ಕುಳಿ ಬಿದ್ದಿದ್ದರೆ ಹೊಸ ರಬ್ಬರೂ ಕೆಲವೇ ದಿನ. ಇದನ್ನು ತೊಳೆಯಲು ಸೀಮೆಎಣ್ಣೆ, ಡೀಸಲು, ಪೆಟ್ರೋಲು ಮುಟ್ಟಿಸಲೇಬಾರದು. ರಬ್ಬರು ಉಬ್ಬಿ ಸಿಕ್ಕಿಕೊಳ್ಳುತ್ತದೆ.

ಶೂಗಳು ಜಾರುವ ಹಿಂಬದಿ ತಗಡಿನ ಉಬ್ಬು ಬಿಂದುಗಳಿಗೆ, ಅಡ್ಜಸ್ಟರಿನ ಮರೆಗೆ, ಕಾವು ತಾಳುವ ಗ್ರೀಸನ್ನು ತೆಳ್ಳಗೆ ಸವರಬೇಕು. ತೆಳ್ಳಗೆ ಎಂದರೆ ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು. ಹೆಚ್ಚಾದದ್ದು ಕರಗಿ ಲೈನಿಂಗಿಗೆ ಹೋಗುತ್ತದೆ. ಹೊಸ ಶೂ ಹಿಡಿಯುವ ಮುನ್ನ ಕೈ ತೊಳೆದುಕೊಳ್ಳುವುದನ್ನು ಮರೆಯಬೇಡಿ.

ಹ್ಯಾಂಡ್ ಬ್ರೇಕಿನ ಮೋಸ

ಎಲ್ಲ ಜೋಡಿಸಿದ ಮೇಲೆ ಹೊಂದಿಸುವ ಕೆಲಸ. ಮೊದಲು ಅಡ್ಜಸ್ಟರನ್ನು ತಿರುಗಿಸಿ ಡ್ರಮ್ಮು ಏರುವಾಗ ಶೂ ಸವರಿದಷ್ಟು ತಾಗುವಂತೆ ಮಾಡಬೇಕು. ಡ್ರಮ್ಮು ಕೂರಿಸಿ, ಪೆಡಲನ್ನು ಹಲವು ಸಲ ತುಳಿದು ಶೂಗಳು ನಡುವಿಗೆ ಬಂದ ಮೇಲೆ ಚಕ್ರ ತಿರುಗಿಸಿ ನೋಡಬೇಕು. ಸಣ್ಣ ಉಜ್ಜಾಟದ ಸದ್ದು ಇರಬಹುದು, ತಡೆ ಇರಬಾರದು. ಹ್ಯಾಂಡ್ ಬ್ರೇಕಿನ ತಂತಿಯನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ, ಅದೂ ಅಗತ್ಯವಿದ್ದರೆ ಮಾತ್ರ.

ನಡೆಯುವುದು ಮಾತ್ರ ಇದಕ್ಕೆ ತಿರುಗುಮುರುಗು. ಹ್ಯಾಂಡ್ ಬ್ರೇಕು ಹಿಡಿಯುತ್ತಿಲ್ಲವೆಂದು ದೂರಿಕೊಂಡರೆ ಕಾರಿನೊಳಗಿನಿಂದ ತಂತಿಯ ನಟ್ಟನ್ನು ನಾಲ್ಕು ಸುತ್ತು ಬಿಗಿದು ಐದು ನಿಮಿಷದಲ್ಲಿ ಕಳುಹಿಸಿಬಿಡುತ್ತಾರೆ. ಹಿಡಿ ಬಿಗಿಯಾಗುತ್ತದೆ, ಯಜಮಾನನಿಗೆ ಸಂತೋಷವಾಗುತ್ತದೆ. ಒಳಗೆ ಸವೆದ ಶೂ ಸವೆದೇ ಇರುತ್ತದೆ. ತಂತಿಯ ಎಳೆತದಿಂದ ಸನ್ನೆ ಅರ್ಧ ಎಳೆದ ಸ್ಥಿತಿಯಲ್ಲಿ ನಿಲ್ಲುವುದರಿಂದ ಎಷ್ಟೋ ಕಾರುಗಳಲ್ಲಿ ತಾನಾಗಿ ಹೊಂದಿಸಿಕೊಳ್ಳುವ ಅಡ್ಜಸ್ಟರು ಕೆಲಸವನ್ನೇ ನಿಲ್ಲಿಸುತ್ತದೆ. ಡ್ರಮ್ಮು ಬಿಚ್ಚದೆ ಹ್ಯಾಂಡ್ ಬ್ರೇಕು ಸರಿ ಮಾಡಿಕೊಟ್ಟವರಿಗೆ ಹಣ ಕೊಡುವ ಮೊದಲು, ಶೂ ನೋಡಿದ್ದೀರಾ ಎಂದು ಯಾವ ಭಾಷೆಯಲ್ಲಾದರೂ ಕೇಳಬಹುದು. ಚಕ್ರದ ನಟ್ಟಿಗೆ ಸ್ಪ್ಯಾನರು ತಾಗಿದ ಗುರುತು ಇದೆಯೇ ಎಂದು ಬಗ್ಗಿ ನೋಡಿದರೆ ಕೇಳುವ ಅಗತ್ಯವೂ ಇಲ್ಲ.

ಸಿಲಿಂಡರ್ ಅಥವಾ ಕೊಳವೆ ಬಿಚ್ಚಿದ್ದರೆ ಗಾಳಿ ತೆಗೆಯಬೇಕು. ಒಬ್ಬರು ಪೆಡಲು ತುಳಿದು ಹಿಡಿಯುವುದು, ಇನ್ನೊಬ್ಬರು ಸಿಲಿಂಡರಿನ ಹಿಂದಿನ ಸಣ್ಣ ಮೊಲೆನಟ್ಟನ್ನು ತೆರೆದು ಗುಳ್ಳೆ ಹೊರಬಿಟ್ಟು ಮುಚ್ಚುವುದು, ಆಮೇಲಷ್ಟೇ ಕಾಲು ಎತ್ತುವುದು. ಪುಸ್ತಕದಲ್ಲಿ ಬೇರೆ ಹೇಳದಿದ್ದರೆ ದೂರದ ಚಕ್ರದಿಂದ ಆರಂಭ. ಮೇಲಿನ ಡಬ್ಬಿಯ ಎಣ್ಣೆ ಮುಗಿಯದಂತೆ ನೋಡುತ್ತಿರಬೇಕು. 2019ರ ಏಪ್ರಿಲಿನಿಂದ ಎಲ್ಲ ಹೊಸ ಕಾರುಗಳಿಗೆ ಚಕ್ರ ಕಚ್ಚಿ ಜಾರದಂತೆ ತಡೆಯುವ ಎ.ಬಿ.ಎಸ್. ಏರ್ಪಾಡು ಕಡ್ಡಾಯವಾಗಿರುವುದರಿಂದ ಕೆಲವು ಕಾರುಗಳಲ್ಲಿ ಈ ಕೆಲಸಕ್ಕೆ ಯಂತ್ರದ ಸಹಾಯ ಬೇಕಾಗುತ್ತದೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ಹೊಸ ಡಾಟ್ 3 ಎಣ್ಣೆ 205 ಡಿಗ್ರಿಯ ಕೆಳಗೆ ಕುದಿಯದು. ನೀರು ಸೇರಿದಷ್ಟೂ ಈ ಅಂಕೆ ಇಳಿಯುತ್ತದೆ. ವರ್ಷದ ಅರ್ಧ ಭಾಗ ಒದ್ದೆ ಗಾಳಿಯಲ್ಲೇ ಇರುವ ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ದುಂದುಗಾರಿಕೆಯಲ್ಲ. ಹಳೆಯ ತೆರೆದ ಬಾಟಲಿಯಿಂದ ಸುರಿಯುವುದು ಬೇಡ. ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಕೂಡಲೇ ನೀರು ಹಾಕಿ.

ಘಟ್ಟವೂ ನೀರೂ

ಸರಿಯಾಗಿರುವ ಡ್ರಮ್ಮೂ ಎರಡು ಸಂದರ್ಭಗಳಲ್ಲಿ ಕೈಕೊಡುತ್ತದೆ. ಒಂದು, ಇಳಿಜಾರಿನಲ್ಲಿ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುವುದು. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ತಗ್ಗುತ್ತದೆ. ಎಷ್ಟು ತುಳಿದರೂ ವೇಗ ಇಳಿಯುವುದಿಲ್ಲ. ತವಂದಿಯಲ್ಲಾಗಲಿ ಅರಬೈಲಿನಲ್ಲಾಗಲಿ, ಬ್ರೇಕು ಸಿಗದೆ ಲಾರಿ ಎದುರಿನವರ ಮೇಲೆ ಬಿತ್ತೆಂಬ ಸುದ್ದಿ ಓದಿದಾಗ ಇದನ್ನು ನೆನಪಿಸಿಕೊಳ್ಳಬೇಕು. ಏರಲು ಯಾವ ಗೇರು ಬೇಕಾಯಿತೋ ಇಳಿಯಲೂ ಅದೇ ಗೇರು ಎಂಬ ಹಳೆ ಲೆಕ್ಕ ಕಾರಿಗೂ ಸರಿಯೇ. ಘಟ್ಟ ಇಳಿದು ನಿಲ್ಲಿಸಿದಾಗ ಕೂಡಲೇ ಹ್ಯಾಂಡ್ ಬ್ರೇಕು ಎಳೆಯದೆ ಗೇರಿನಲ್ಲಿ ನಿಲ್ಲಿಸಿ, ಕಲ್ಲು ಕೊಡಿ.

ಇನ್ನೊಂದು ನೀರು. ಡ್ರಮ್ಮಿನೊಳಗೆ ಹೋದ ನೀರು ಡಿಸ್ಕಿನಲ್ಲಿ ಸಿಡಿದು ಹೋಗುವಷ್ಟು ಬೇಗ ಹೊರಬರುವುದಿಲ್ಲ. 2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿ ಕೊಲ್ಲಾಪುರದ ಬಳಿ ಹೆದ್ದಾರಿ ಹಲವು ದಿನ ಮುಚ್ಚಿತ್ತು, ವಾಹನಗಳು ಸಾಲುಗಟ್ಟಿ ನಿಂತಿದ್ದವು. ಅಂಥ ದೊಡ್ಡ ನೆರೆಯೇ ಬೇಕೆಂದಿಲ್ಲ. ನಮ್ಮ ಒಳದಾರಿಗಳಲ್ಲಿ ತೋಡು ತುಂಬಿ ರಸ್ತೆಗೆ ಬಂದಾಗ ಅದನ್ನು ದಾಟಿ ಬಂದರೂ ಡ್ರಮ್ಮು ಒದ್ದೆಯೇ. ದಾಟಿದ ಮೇಲೆ ನಿಧಾನವಾಗಿ ಸಾಗುತ್ತ, ಹಿಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು, ಪೆಡಲನ್ನು ಹಲವು ಸಲ ಮೆಲ್ಲಗೆ ಒತ್ತಿದರೆ ಉಜ್ಜಾಟದ ಕಾವಿಗೆ ಒಣಗುತ್ತದೆ. ಹಿಡಿತ ಬಂದದ್ದು ಕಾಲಿಗೇ ತಿಳಿಯುತ್ತದೆ. ಕೆಸರು ನೀರಿನಲ್ಲಿ ಬಹಳ ಹೊತ್ತು ನಿಂತ ಕಾರಾದರೆ ಒಣಗಿದರೂ ಸಾಲದು. ಬಿಚ್ಚಿ ಮಣ್ಣು ತೊಳೆಯಬೇಕು.

ಬಿಚ್ಚಲು ಒಳ್ಳೆಯ ಕಾಲ ಯಾವುದೆಂದು ಕೇಳಿದರೆ, ಮಳೆ ನಿಂತು ನವರಾತ್ರಿ ಕಳೆದ ಮೇಲೆ, ದೂರದ ಯಾತ್ರೆಗಳು ಶುರುವಾಗುವ ಮೊದಲು. ಮಾಡಿಸಿದ ಮರುದಿನವೇ ಕೊಲ್ಲಾಪುರಕ್ಕೆ ಹೊರಡುವುದು ಬೇಡ. ಹೊಸ ಶೂ ಡ್ರಮ್ಮಿನ ಮೈಗೆ ಹೊಂದಿಕೊಳ್ಳಲು ಇನ್ನೂರು ಮುನ್ನೂರು ಕಿಲೋಮೀಟರ್ ಓಟ ಬೇಕು. ಆ ತನಕ ಪೂರ್ತಿ ಹಿಡಿತ ಬರುವುದಿಲ್ಲ. ಮೊದಲು ಖಾಲಿ ಜಾಗದಲ್ಲಿ ನಡೆಯುವ ವೇಗದಲ್ಲಿ ಬ್ರೇಕು ನೋಡಿ, ಅನಂತರ ಊರೊಳಗೆ ನಾಲ್ಕು ದಿನ ಓಡಿಸಿ, ಚಕ್ರದ ನಟ್ಟುಗಳನ್ನು ಒಮ್ಮೆ ಪುನಃ ಬಿಗಿದು, ಹ್ಯಾಂಡ್ ಬ್ರೇಕಿನ ಹಿಡಿ ಎಷ್ಟು ಹಲ್ಲು ಏರುತ್ತದೆಂದು ಎಣಿಸಿ ಬರೆದಿಟ್ಟುಕೊಳ್ಳಿ. ಹಲವು ಕಾರುಗಳಲ್ಲಿ ಅದು ಐದರಿಂದ ಎಂಟರೊಳಗೆ ಇರುತ್ತದೆ. ಆರು ತಿಂಗಳ ಮೇಲೆ ಪುನಃ ಎಣಿಸಿದಾಗ ಅಂಕೆ ಮೂರು ನಾಲ್ಕು ಹೆಚ್ಚಾಗಿದ್ದರೆ ಡ್ರಮ್ಮು ಬಿಚ್ಚುವ ದಿನ ಬಂದಿತೆಂದು ತಿಳಿಯಬಹುದು.